ಐಸ್ ಪ್ಲಾಂಟಿನ ಹೆಣ

ತೆಕ್ಕಟ್ಟೆಯ ಗಣಿತದ ಮೇಷ್ಟ್ರು ಶ್ರೀಕರ ಐತಾಳರಿಗೆ ಹಿಮದ ಹುಚ್ಚು ಹಿಡಿದು ಎರಡು ವರ್ಷವಾಗಿತ್ತು. ಹಿಮ ಸುರಿಯುವ ಪುಟ್ಟ ಊರು, ಮುಚ್ಚಿಹೋದ ದಾರಿ, ಬೆಳಗಾಗುವಾಗ ಚರ್ಚಿನ ಹಿಂದೊಂದು ಹೆಣ. ಇಂಥ ಪತ್ತೇದಾರಿ ಕಾದಂಬರಿಗಳನ್ನು ಕರಾವಳಿಯ ಸೆಖೆಯಲ್ಲಿ ಬೆವರೊರೆಸಿಕೊಳ್ಳುತ್ತ ಓದಿದ್ದೇ ಓದಿದ್ದು. ಕೊನೆಗೆ ತಾವೇ ಒಂದನ್ನು ಬರೆಯಲು ಕೂತರು. ಮೂರು ಅಧ್ಯಾಯದವರೆಗೆ ಹಿಮ ಚೆನ್ನಾಗಿಯೇ ಬಿತ್ತು. ಅದನ್ನು ಹೆಂಡತಿ ಕ್ಷಮಾಳಿಗೆ ಓದಿ ಹೇಳಿದ್ದೇ ತಪ್ಪಾಯಿತು.

“ಹ್ವಾಯ್, ಹೆಣದ ಅಡಿಗಿನ ಹಿಮ ಕರಗತ್ತಾ, ಇಲ್ಯಾ?” ಎಂದಳು ಕ್ಷಮಾ, ಹಪ್ಪಳ ತಿರುವಿ ಹಾಕುತ್ತ.

“ಅದ್ ಓದುಗರ ಕಲ್ಪನೆಗೆ ಬಿಟ್ಟದ್ದ್.”

“ಅಂದ್ರೆ ನಿಮ್ಗೆ ಗೊತ್ತಿಲ್ಲ!”

ಮಹಾಕಾವ್ಯ ಅಲ್ಲೇ ನಿಂತಿತು. ಐತಾಳರಿಗೆ ಊಟ ರುಚಿಸಲಿಲ್ಲ. ಕರಗುತ್ತದೋ ಇಲ್ಲವೋ?

ಭಾನುವಾರ ಬೆಳಿಗ್ಗೆ ಅವರು ಗಂಗೊಳ್ಳಿಯ ಮೀನುಗಾರಿಕೆ ಬಂದರಿನ ಒಂದು ಐಸ್ ಪ್ಲಾಂಟಿನೆದುರು ನಿಂತಿದ್ದರು. ಮ್ಯಾನೇಜರ್ ಶೈಲೇಶ್ ಕಣ್ಣರಳಿಸಿದ. “ಎಂತ ಮೇಷ್ಟ್ರೆ, ಮೀನ್ ತಿಂಬುಕೆ ಶುರು ಮಾಡಿದ್ರ್ಯಾ?”

“ಸಂಶೋಧನೆ ಮಾರಾಯ. ಹತ್ತೇ ನಿಮಿಷ.”

ಒಳಗೆ ಪುಡಿ ಮಾಡಿದ ಐಸಿನ ರಾಶಿ, ಸಾಕ್ಷಾತ್ ಹಿಮಾಲಯ. (ಮೀನಿನ ವಾಸನೆಯೊಂದನ್ನು ಬಿಟ್ಟರೆ.) ಐತಾಳರು ಅತ್ತಿತ್ತ ನೋಡಿ, ಮೆಲ್ಲಗೆ ಅದರ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಎರಡೇ ನಿಮಿಷಕ್ಕೆ ಕಿವಿ ಎರಡೂ ಇದ್ದಾವೋ ಇಲ್ಲವೋ ತಿಳಿಯದಾಯಿತು. ಪಂಚೆ ಒದ್ದೆಯಾಗತೊಡಗಿತು. ಕರಗುತ್ತದೆ! ಆದರೆ ಎಷ್ಟು ಹೊತ್ತಿಗೆ ಎಷ್ಟು? ಗಣಿತದ ಮೇಷ್ಟ್ರಲ್ಲವೇ, ಏಳಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಐಸ್ ಒಯ್ಯಲು ಮೀನು ಮಾರುವ ವನಜ ಬುಟ್ಟಿ ಹಿಡಿದು ಬಂದಳು.

“ಅಯ್ಯೋ, ಹೆಣ!”

ಹೆದರಬೇಡ ಎನ್ನಲು ಐತಾಳರು ಎದ್ದು ಕೂತದ್ದು ಇನ್ನೂ ಅನರ್ಥವಾಯಿತು.

“ಹೆಣ ಎದ್ದ್ ಕೂತ್ಕಂತ್!” ಬುಟ್ಟಿ ಒಂದು ಕಡೆ, ವನಜ ಒಂದು ಕಡೆ. ಐತಾಳರು ಹಿಂಬಾಗಿಲಿನಿಂದ ಬಸ್ ಸ್ಟ್ಯಾಂಡಿಗೆ ಓಡಿದರು. ಮನೆಯಲ್ಲಿ, ಬಸ್ಸಿನ ಗಾಳಿಗೆ ಶೀತವಾಯಿತು ಎಂದರು.

ಮರುದಿನ ಕಂಬಳಿ ಹೊದ್ದು ಸೀನುತ್ತಿದ್ದಾಗ ಪಕ್ಕದ ಶೆಟ್ಟರ ಜಗಲಿಯಿಂದ ಪರಿಚಿತ ಸ್ವರ ಕೇಳಿತು. ಮೀನು ತಂದ ವನಜ ಕತೆ ಹೇಳುತ್ತಿದ್ದಳು. ಸುತ್ತ ಹತ್ತು ಹೆಂಗಸರು. ಗಂಡನ ಮೂರು ಅಧ್ಯಾಯ ಕೇಳುವಷ್ಟರಲ್ಲಿ ಏಳು ಸಲ ಆಕಳಿಸಿದ್ದ ಕ್ಷಮಾ ಕಾಂಪೌಂಡಿಗೆ ಒರಗಿ, ಒಲೆಯ ಮೇಲಿನ ಹಾಲನ್ನೂ ಮರೆತಿದ್ದಳು.

“ಆರಡಿ ಉದ್ದದ ಹೆಣ. ಎದಿಯಾಗ್ ಚೂರಿ!”

(ಐತಾಳರು ಐದೂಕಾಲು ಅಡಿ.)

“ಕೊಂದದ್ದ್ ಯಾರಂಬ್ರ್?” ಕ್ಷಮಾ ಕತ್ತು ಮುಂದೆ ಚಾಚಿ ಕೇಳಿದಳು.

ಇನ್ನು ಸುಮ್ಮನಿರಬಾರದು, ಸತ್ಯ ಹೇಳಿಯೇ ಬಿಡಬೇಕು ಎಂದು ಐತಾಳರು ಕಂಬಳಿ ಸಮೇತ ಅಂಗಳಕ್ಕೆ ಧಾವಿಸಿದರು. ವನಜ ದನಿ ತಗ್ಗಿಸಿದಳು.

“ಕೊಂದವ ಅಲ್ಲೇ ಬಾಗ್ಲ್ ಹಿಂದೆ ನಿಂತ್ಕಂಡಿದ್ದ. ನಾ ತಿರ್ಗಿ ಕಾಂತೆ…”

ಐತಾಳರು ಕಾಂಪೌಂಡಿಗೆ ಒರಗಿ, ಮೂಗೊರೆಸಿಕೊಂಡು ಕೇಳಿದರು: “ಮತ್ತೆ ಎಂತ ಆಯ್ತ್, ವನಜಕ್ಕಾ?”