ಭಾನುವಾರದ ಫ್ಲಾಪಿಗಳು

ಖಾದರಸಾಬ್ ಬುಧವಾರ ಬೆಳಿಗ್ಗೆ ಸಿರುಗುಪ್ಪದಲ್ಲಿ ತೀರಿಕೊಂಡ. ಬಳ್ಳಾರಿಯಲ್ಲಿದ್ದ ಅವನ ಬಾಲ್ಯದ ಗೆಳೆಯ, ನಿವೃತ್ತ ಇಂಗ್ಲಿಷ್ ಅಧ್ಯಾಪಕ ಚಿದಾನಂದಪ್ಪನಿಗೆ ಸುದ್ದಿ ಕೇಳಿ ಮೊದಲು ಹೊಳೆದದ್ದು, ಇನ್ನು ಭಾನುವಾರ ಏನು ಮಾಡುವುದು ಎಂದು.

ಒಂದು ವರ್ಷದ ಹಿಂದೆ, ೧೯೮೮ರಲ್ಲಿ, ಕಂಪ್ಯೂಟರ್ ಮನೆಗೆ ಬಂದ ದಿನ ಚಿದಾನಂದಪ್ಪ ಘೋಷಿಸಿದ್ದ: ಈ ಮನೆಯಲ್ಲಿ ಇನ್ನು ಪೆನ್ನಿಗೆ ಕೆಲಸವಿಲ್ಲ! ಪತ್ರ, ಪುಸ್ತಕಗಳ ಪಟ್ಟಿ, ನೆಂಟರ ವಿಳಾಸ, ಸಮಸ್ತವೂ ಯಂತ್ರಕ್ಕೆ ಸಮರ್ಪಣೆ! ಆದರೆ ಯಾವ ಸಾಫ್ಟ್‌ವೇರ್ ಆರಿಸುವುದು? ಸಿರುಗುಪ್ಪದಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಖಾದರಸಾಬ್ ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು ಮಹಾಮಂತ್ರಿಯ ಹಾಗೆ ಪಕ್ಕದಲ್ಲಿ ಕೂರುತ್ತಿದ್ದ. ಒಂದರಲ್ಲಿ ಅಕ್ಷರ ತೀರ ಸಣ್ಣ. ಇನ್ನೊಂದರಲ್ಲಿ ಒತ್ತಬೇಕಾದ ಕೀಲಿಗಳು ವಿಪರೀತ. ನಡುನಡುವೆ ಮಂಡಕ್ಕಿ, ಮಿರ್ಚಿ, ಹೈಸ್ಕೂಲಿನ ಕಾಲದ ಮಾತು. ಐದು ತಿಂಗಳಿಗೆ ಅಂತೂ ಒಂದು ಆಯ್ಕೆಯಾಯಿತು. ಆ ಸಂಜೆ ಗೆಳೆಯನನ್ನು ಬಸ್ಸು ಹತ್ತಿಸಿ ಬಂದ ಚಿದಾನಂದಪ್ಪನಿಗೆ ಊಟ ಸೇರಲಿಲ್ಲ. ಆಯ್ಕೆ ಮುಗಿದ ಮೇಲೆ ಅವನು ಯಾಕೆ ಬರುತ್ತಾನೆ?

ಕಾಪಾಡಿದ್ದು ಹೆಂಡತಿ ದಾಕ್ಷಾಯಣಮ್ಮ. ಆಯುಧಪೂಜೆಯಂದು ಅವಳು ಆರಿಸಿದ ಸಾಫ್ಟ್‌ವೇರ್ ಇದ್ದ ಫ್ಲಾಪಿಯನ್ನು ಕವರಿನಿಂದ ತೆಗೆದು, ಒಳಗಿನ ಕಪ್ಪು ತಟ್ಟೆ ಕಾಣುವ ಕಿಂಡಿಗೇ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದಳು. ಮರುದಿನ ಯಂತ್ರ ಗಂಟಲಲ್ಲಿ ಮುಳ್ಳು ಸಿಕ್ಕವರಂತೆ ಕೆರೆದು ಸುಮ್ಮನಾಯಿತು.

"ಇದಕ್ಕ ಯಾರರ ವಿಭೂತಿ ಹಚ್ತಾರೇನು?"

"ನಿಮ್ಮ ಸೈಕಲ್ಲಿಗೂ ಹಚ್ಚೀನಿ. ಅದು ಓಡಾಕ ಹತ್ತೈತಿ."

ಚಿದಾನಂದಪ್ಪ ಬಾಯಲ್ಲಿ ಕೂಗಾಡಿದ, ಒಳಗೊಳಗೇ ಸಕ್ಕರೆ ಹಂಚಿದ. ಹುಡುಕಾಟ ಮತ್ತೆ ಮೊದಲಿಂದ! ಅಂದಿನಿಂದ ಯಾವ ಸಾಫ್ಟ್‌ವೇರ್ ಬಂದರೂ ಅವನು ಏನಾದರೊಂದು ಕೊಂಕು ತೆಗೆಯುತ್ತಿದ್ದ. ಖಾದರಸಾಬ್ ಹೌದೆಂದು ತಲೆಯಾಡಿಸುತ್ತಿದ್ದ. ಪಾಪ, ಇವನಿಗೆ ನನ್ನ ನಾಟಕ ತಿಳಿಯದು ಎಂದು ಚಿದಾನಂದಪ್ಪ ಬೀಗುತ್ತಿದ್ದ.

ಬುಧವಾರ ಮಣ್ಣು ಕೊಟ್ಟ ಮೇಲೆ, ಖಾದರಸಾಬನ ಶಾಲೆಯಲ್ಲೇ ಕಲಿಸುವ ಬಡೇಸಾಬ ಚಿದಾನಂದಪ್ಪನನ್ನು ಅಲ್ಲಿಗೆ ಕರೆದೊಯ್ದು ಕೂರಿಸಿದ. ಮೂಲೆಯಲ್ಲಿ ಒಂದು ಕಂಪ್ಯೂಟರಿತ್ತು. ಪಕ್ಕದಲ್ಲಿ ಫ್ಲಾಪಿ: ತನ್ನ ಮನೆಯಲ್ಲಿ ವಿಭೂತಿ ಬಳಿಸಿಕೊಂಡು ಕೆಟ್ಟ ಸಾಫ್ಟ್‌ವೇರಿನದೇ ಇನ್ನೊಂದು ಪ್ರತಿ.

"ಎರಡು ವರ್ಷದಿಂದ ದಿನಾ ಇದನ್ನ ಕಲಿಸ್ತಿದ್ರು ಸರ್," ಎಂದ ಬಡೇಸಾಬ. "ಇದರಂಥಾದ್ದು ಇನ್ನೊಂದಿಲ್ಲ ಅಂತಿದ್ರು."

ಖಾದರಸಾಬನಿಗೆ ಇದರ ಒಂದು ಪ್ರತಿ ಮಾಡಿಕೊಳ್ಳಲು ಐದು ನಿಮಿಷ ಸಾಕಿತ್ತು, ಯಾವ ಭಾನುವಾರವಾದರೂ ತಂದುಕೊಡಬಹುದಿತ್ತು.

ಹೋದ ಭಾನುವಾರ ಇಬ್ಬರೂ ಒಂಬತ್ತನೆಯ ಸಾಫ್ಟ್‌ವೇರ್ ಹಾಕಿ ನೋಡಿದ್ದರು. ಅಕ್ಷರ ದೊಡ್ಡವು, ಕೀಲಿ ಕಡಿಮೆ. ಚಿದಾನಂದಪ್ಪನಿಗೆ ಕೊಂಕು ತೆಗೆಯಲು ಏನೂ ಸಿಗಲಿಲ್ಲ. ಖಾದರಸಾಬ್ ಬಹಳ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ ಫ್ಲಾಪಿಯನ್ನು ಹೊರತೆಗೆದು, ಕವರಿಗೆ ಸೇರಿಸಿ, "ಇದೂ ನಮಗ ಒಗ್ಗೂದಿಲ್ಲಲೇ ಚಿದಾ" ಎಂದು ಎದ್ದು, ಸಿರುಗುಪ್ಪದ ಬಸ್ಸು ಹತ್ತಿದ.