ಬಸವನಹುಳುಗಳ ಉಪವಾಸವ್ರತ

ಬೊನಿಫಾಸಿಗೆ ಒಂದು ಹೊತ್ತಿನ ಊಟ ತಪ್ಪಿದರೂ ಕಣ್ಣು ಕತ್ತಲೆ ಬರುತ್ತದೆ. ಅಂಥ ಮಹಾನುಭಾವನ ಕೈಗೆ ಈ ಸಲ ಹತ್ತು ಕಿಲೋ ಬಸವನಹುಳುಗಳ ಉಪವಾಸವ್ರತದ ಉಸ್ತುವಾರಿ ಬಂತು. ಬಂತೇನು, ತಾನೇ ಮೈಮೇಲೆ ಎಳೆದುಕೊಂಡ.

ಊರಿಗೆ ಊರೇ ಬಸವನಹುಳು ಸುಟ್ಟು ತಿನ್ನುವ ಲ್ಯೆಯ್ಡಾ ಊರಿನ ಹಬ್ಬದಲ್ಲಿ ಅವರ ಬಳಗಕ್ಕೆ ಮೂವತ್ತು ವರ್ಷದಿಂದ ಹೆಂಡತಿ ರೆಮೇಯ್‌ದೇ ಅಡುಗೆ. "ತಗಡಿನ ಮೇಲೆ ಉಪ್ಪು ಹಾಸಿ ಸುಡೋದು ತಾನೆ? ಅದೇನು ಮಹಾ! ಈ ಸಲ ನಾನು ಮಾಡ್ತೀನಿ, ನೀನು ಕೂತು ತಿನ್ನು," ಎಂದು ಬಳಗದವರೆಲ್ಲರ ಎದುರು ಮೀಸೆ ತಿರುವಿದ್ದ.

"ಸುಡೋದು ಆಮೇಲಿನ ಮಾತು," ಎಂದಳು ರೆಮೇಯ್. "ಎಂಟು ದಿನ ಒಂದೆಲೇನೂ ಹಾಕದೆ ಬುಟ್ಟೀಲಿ ಇಡಬೇಕು. ಹೊಟ್ಟೆ ಖಾಲಿಯಾಗದಿದ್ರೆ ತಿಂದೋರ ಬಾಯೆಲ್ಲ ಮಣ್ಣು. ನಿಮ್ಮ ಕೈಲಾಗುತ್ತಾ?"

"ನನ್ನನ್ನ ಏನಂದ್ಕೊಂಡಿದ್ದೀಯ? ಈ ವಿಷಯದಲ್ಲಿ ನಾನು ಕಲ್ಲು!"

ಕಲ್ಲು ಎರಡೇ ದಿನಕ್ಕೆ ಕರಗಿತು. ಬಾಲ್ಕನಿಯ ಬುಟ್ಟಿಯಿಂದ ಹುಳುಗಳು ಕೊಂಬು ಚಾಚಿ ಅವನನ್ನೇ ನೋಡಿದವು. (ಹಸಿದವರ ಸಂಕಟ ಹಸಿವು ತಡೆಯಲಾರದವನಿಗೇ ಗೊತ್ತು.) ರೆಮೇಯ್ ಚರ್ಚಿಗೆ ಹೊರಟದ್ದೇ ತಡ, ಒಂದು ಲೆಟ್ಯೂಸ್ ಎಲೆ ಹಾಕಿದ. "ಇದೊಂದೇ ಕಣ್ರಪ್ಪಾ, ಯಾರಿಗೂ ಹೇಳ್ಬೇಡಿ," ಎಂದ. ಮರುದಿನ ಎರಡು. ಐದನೆಯ ದಿನಕ್ಕೆ ಇಡೀ ಲೆಟ್ಯೂಸೇ ಬುಟ್ಟಿಗಿಳಿಯಿತು.

ಹಬ್ಬದ ದಿನ ಸೆಗ್ರೆ ನದಿಯ ದಂಡೆಯಲ್ಲಿ ಬೆಂಕಿ ಹಚ್ಚಿ, ಹಿಂದಿನಿಂದ ರೆಮೇಯ್ ಹೊತ್ತು ತಂದ ಬುಟ್ಟಿಯನ್ನು ತಗಡಿನ ಮೇಲೆ ಸುರಿದ. ಮೂವತ್ತು ಜನ ಚಿಪ್ಪಿನಿಂದ ಹುಳು ಕೀಳುವ ಕಡ್ಡಿ ಹಿಡಿದು ಕಾಯುತ್ತಿದ್ದಾರೆ. ಇನ್ನೇನು, ಇಷ್ಟು ವರ್ಷದ ಮಾನ ಬೀದಿಪಾಲು! ಊರು ಕಾಯುವ ಸಂತ ಅನಸ್ತಾಸಿಗೆ ಕೈಮುಗಿದು ಕಣ್ಣು ಮುಚ್ಚಿದ.

"ಆಹಾ! ಅಮೃತ ಕಣಯ್ಯಾ, ಬೊನಿಫಾಸಿ!" ಎಂದ ಬಳಗದ ಹಿರಿಯ ಸದುರ್ನಿ.

ಬೊನಿಫಾಸಿಗೆ ಹೋದ ಜೀವ ಬಂತು. ಜೀವದ ಹಿಂದೆಯೇ ನಾಲಿಗೆಯೂ ಬಂತು. "ಎಲ್ಲಾ ಶಿಸ್ತು ಕಣ್ರಯ್ಯಾ! ಎಂಟು ದಿನ ಕಟ್ಟುನಿಟ್ಟು. ದಯೆ ಗಿಯೆ ನನ್ನ ಹತ್ತಿರ ಇಲ್ಲ!" ಎನ್ನುತ್ತಾ ಬಡಿಸಿದ್ದೇ ಬಡಿಸಿದ್ದು.

ರೆಮೇಯ್ ತೋಳು ಹಿಡಿದು ಪಕ್ಕಕ್ಕೆಳೆದಳು. "ರೀ, ಇವು ನಮ್ಮಕ್ಕನ ಮನೇಲಿ ಉಪವಾಸ ಇದ್ದ ಹುಳು. ನಿಮ್ಮ ಕರುಳು ನನಗೆ ಗೊತ್ತಿಲ್ವೇ? ಮೊದಲ ದಿನವೇ ಅಲ್ಲಿ ಇನ್ನೊಂದು ಬುಟ್ಟಿ ಇಡಿಸಿದ್ದೆ. ನಿಮ್ಮವು ಬಾಲ್ಕನೀಲೇ ಇವೆ, ಹೊಸ ಅಳಿಯಂದಿರ ಥರ ಕೊಬ್ಬಿಕೊಂಡು."

"ನನ್ನ ಮಾನ ಉಳಿಸಿದೆಯಲ್ಲೇ ಮಾರಾಯ್ತಿ! ಮೂವತ್ತು ವರ್ಷ ನಿನ್ನ ಕೈಯಡುಗೆ ಉಂಡೆ, ಒಂದು ದಿನ ಚೆನ್ನಾಗಿದೆ ಅಂದವನಲ್ಲ. ನೀನಿಲ್ಲದಿದ್ರೆ ನನ್ನ ಗತಿ ಏನು?" ಎಂದ. ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ಸಾಕು, ಅಳಬೇಡಿ. ತಿಂದು ನೋಡಿ, ಈಗಾದ್ರೂ ಹೇಳಿ."

ತಿರುಗಿ ನೋಡಿದರೆ ತಗಡಿನಲ್ಲಿ ಬರೀ ಚಿಪ್ಪು. ಅವನ ಶಿಸ್ತಿನ ಭಾಷಣ ಮುಗಿಯುವಷ್ಟರಲ್ಲಿ ಬಳಗ ಬ್ರೆಡ್ಡಿನ ಚೂರನ್ನೂ ಬಿಡದೆ ಬಾಚಿತ್ತು.

"ಹೋಗ್ಲಿ ಬಿಡು," ಎಂದ ಬೊನಿಫಾಸಿ ಹೊಟ್ಟೆ ಸವರಿಕೊಳ್ಳುತ್ತಾ. "ಮನೇಲಿ ಲೆಟ್ಯೂಸ್ ಆದ್ರೂ ಇದೆಯಲ್ಲ?"

"ಎಲ್ಲಿಯ ಲೆಟ್ಯೂಸ್ ರೀ? ಕೊನೇದನ್ನ ಇವತ್ತು ಬೆಳಿಗ್ಗೇನೇ ನಿಮ್ಮ ಅಳಿಯಂದಿರಿಗೆ ಬಡಿಸಿದ್ರಲ್ಲ!"