ನನ್ನ ಟೀ ಪಾರ್ಟಿಯೂ ದೊಡ್ಡಪ್ಪನ ಸೂರ್ಯನೂ

ಚನ್ನರಾಯಪಟ್ಟಣದಲ್ಲಿ ಸೂರ್ಯ ಮುಳುಗುವುದು ನಮ್ಮ ದೊಡ್ಡಪ್ಪನ ಅಪ್ಪಣೆ ಪಡೆದೇ ಎಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ದೊಡ್ಡಪ್ಪನ ಪಾಲಿಗೆ ನೀರೂ ಇಲ್ಲ. ಸರಿ, ತಾವು ಉಂಡು ಸುಮ್ಮನಿರಬಹುದಲ್ಲ? ಉಹುಂ. ನೆಂಟರು, ಬಳೆಗಾರ, ದಾರಿ ಕೇಳಲು ನಿಂತವನು, ಎಲ್ಲರ ಹೊಟ್ಟೆಯೂ ಅಷ್ಟರೊಳಗೆ ತುಂಬಬೇಕು. ಅವರೆಲ್ಲ ಉಂಡೆದ್ದ ಮೇಲೆಯೇ ಇವರ ಎಲೆ.

ನಮ್ಮಣ್ಣನ ಮದುವೆಗೆ ಹೊರಟ ದಿಬ್ಬಣದ ಬಸ್ಸು ಹಿರೀಸಾವೆಯಲ್ಲಿ ಕೆಟ್ಟು ನಿಂತಿತು. ನಾವೆಲ್ಲ ಬಸ್ಸನ್ನು ನೋಡುತ್ತಿದ್ದರೆ ದೊಡ್ಡಪ್ಪ ಪಡುವಣವನ್ನು ನೋಡುತ್ತಿದ್ದರು. ಹೆಣ್ಣಿನವರಿಗೆಂದು ಕಟ್ಟಿದ್ದ ಚಿರೋಟಿಯ ಬುಟ್ಟಿಗಳನ್ನು ರಸ್ತೆಬದಿಯಲ್ಲೇ ಬಿಚ್ಚಿಸಿ ಡ್ರೈವರಿಗೂ ಬಡಿಸಿದರು. ಬೀಗರ ಮನೆಗೆ ನಾವು ಕಾಲಿಟ್ಟದ್ದು ಬರಿಗೈಯಲ್ಲಿ, ತುಂಬಿದ ಹೊಟ್ಟೆಯಲ್ಲಿ.

ಅರಕಲಗೂಡಿನ ಸಭೆಯೊಂದರಲ್ಲಿ ಅಮಲ್ದಾರರು ಮಾತನಾಡುತ್ತಿದ್ದಾಗ ಇವರು ಎದ್ದು ನಿಂತು, "ಸಾ, ಒತ್ತು ಮುಳುಗ್ತಾ ಐತೆ. ಮಿಕ್ಕಿದ್ದು ಉಂಡ್ಮೇಲೆ ಯೋಳ್ಬೌದು" ಎಂದುಬಿಟ್ಟರಂತೆ. ಚಪ್ಪಾಳೆ ಬಿದ್ದದ್ದು ಆಗಲೇ ಅಂತೆ.

ಇಂಥವರನ್ನು ನಾನು ಟೀ ಪಾರ್ಟಿಗೆ ಕರೆಯುವುದುಂಟೆ? ಆಗಷ್ಟೇ ಬಿ.ಎ. ಮುಗಿಸಿ ಹಾಸನದಲ್ಲಿ ಮೇಷ್ಟ್ರಾಗಿದ್ದೆ. ಹೆಡ್‌ಮಾಸ್ಟರಿಗೆ ಮೈಸೂರಿಗೆ ವರ್ಗವಾಯಿತು. ನನ್ನ ಬಾಡಿಗೆ ಮನೆಯಲ್ಲೇ ಬೀಳ್ಕೊಡುಗೆಯ ಟೀ ಪಾರ್ಟಿಯ ಏರ್ಪಾಟು ನನ್ನ ತಲೆಗೆ ಬಂತು. ಬಂತು ಎಂದರೆ, ನಾನೇ ಎಳೆದುಕೊಂಡೆ. ಯಾಕೆಂದರೆ ನನ್ನ ಬಳಿ ಇಂಗ್ಲಿಷಿನಲ್ಲಿ ಹನ್ನೆರಡು ಪುಟದ ಒಂದು ಭಾಷಣವಿತ್ತು. ಅದನ್ನು ಕೇಳಿದರೆ ಹಾಸನಕ್ಕೆ ಹಾಸನವೇ ಬೆರಗಾಗುತ್ತದೆಂದು ನನಗೆ ಖಾತ್ರಿಯಿತ್ತು. ಅಲ್ಲಿಯವರೆಗೆ ಅದನ್ನು ಪೂರ್ತಿ ಕೇಳಿದ್ದು ಮನೆ ಓನರ ಎಮ್ಮೆ ಮಾತ್ರ.

ಸುದ್ದಿ ತಿಳಿದ ದೊಡ್ಡಪ್ಪ ಕರೆಯದೆಯೇ ತುಪ್ಪದ ಡಬ್ಬ ಹಿಡಿದು ಬಸ್ಸಿಳಿದರು. ನನ್ನ ಕಾರ್ಯಕ್ರಮದ ಪಟ್ಟಿ ಓದಿಸಿಕೊಂಡು, "ಲೇ, ತಲೆಕೆಳಗಾಗಿ ಬರ್ದಿದೀಯ ಕಣ್ಲಾ. ತಿಂಡಿ ಮೊದ್ಲು, ಮಾತು ಆಮ್ಯಾಕೆ" ಎಂದರು.

"ದೊಡ್ಡಪ್ಪ, ಇದು ದಿಬ್ಬಣವಲ್ಲ. ದಮ್ಮಯ್ಯ, ನಾನು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ."

"ಆಯ್ತು ಬುಡು" ಎಂದವರು ಪಾರ್ಟಿಯ ದಿನ ಬೆಳಗಿನಿಂದ ಒಲೆಯ ಮುಂದೆಯೇ ಇದ್ದು, ಅಡಿಗೆಯವನನ್ನು ಗದರಿಸುತ್ತಾ ಕೇಸರಿಬಾತು, ಈರುಳ್ಳಿಯಿಲ್ಲದ ಉಪ್ಪಿಟ್ಟು ಮಾಡಿಸಿದರು.

ಹೆಡ್‌ಮಾಸ್ಟರು ಬರುವುದೇ ತಡವಾಯಿತು. ನಾನು ಎದ್ದು ನಿಂತಾಗ ಬಾಗಿಲಲ್ಲಿ ದೊಡ್ಡಪ್ಪ, ಅವರ ಬೆನ್ನ ಹಿಂದೆ ಕೆಂಪು ಸೂರ್ಯ. ನಾನು ಓದತೊಡಗಿದೆ. ಎರಡನೆಯ ಪುಟಕ್ಕೆ ಅವರು ಆಕಾಶ ನೋಡಿದರು. ಐದನೆಯದಕ್ಕೆ ಕೈ ಎತ್ತಿದರು, ಮತ್ತೆ ಇಳಿಸಿದರು. ಒಂಬತ್ತಕ್ಕೆ ಡ್ರಿಲ್ ಮೇಷ್ಟ್ರು ಗೊರಕೆ ಹೊಡೆದರು. ದೊಡ್ಡಪ್ಪ ಮಾತ್ರ ಒಂದಕ್ಷರ ಇಂಗ್ಲಿಷ್ ಬಾರದಿದ್ದರೂ ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಾ ನಿಂತಿದ್ದರು. ಮುಗಿಯುವ ಹೊತ್ತಿಗೆ ದೀಪ ಹಚ್ಚಬೇಕಾಯಿತು. ಜನ ಕೇಸರಿಬಾತನ್ನು ಹೊಗಳಿದರು. ಭಾಷಣದ ವಿಚಾರ ಯಾರೂ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಅಡಿಗೆಯವನು, "ಯಜಮಾನ್ರು ಬೆಳಗಿಂದ ಏನೂ ಮುಟ್ಟಿಲ್ಲ ಸಾ" ಎಂದ. ಇನ್ನು ನಾಳೆ ಸೂರ್ಯ ಹುಟ್ಟುವ ತನಕ ಅವರಿಗೆ ಹನಿ ನೀರೂ ಇಲ್ಲ. ಅವರು ಕೂತಿದ್ದ ಹಿತ್ತಲ ಜಗಲಿಗೆ ಓಡಿದೆ.

"ಯಾಕೆ ದೊಡ್ಡಪ್ಪ ಕೂಗಲಿಲ್ಲ?"

"ನೀನೇ ಬ್ಯಾಡ ಅಂದಿದ್ಯಲ್ಲ. ನೀ ಏನ್ ಯೋಳ್ದೆ ಅಂತ ನಂಗೊಂದೂ ತಿಳೀನಿಲ್ಲ ಕಣಪ್ಪ. ಆದ್ರೆ ನಮ್ಮನೇಲಿ ಯಾರು ಇಂಗೆ ನಾಕು ಜನದ ಮುಂದೆ ನಿಂತು ಮಾತಾಡಿದ್ರು? ನಿಮ್ಮಪ್ಪ ಇದ್ದಿದ್ರೆ ನೋಡ್ತಿದ್ದ. ಅವನ ಬದ್ಲು ನಾನು ನೋಡ್ದೆ. ಒಂದೊತ್ತಿನ ಊಟ ಓದ್ರೆ ಓಯ್ತು."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಬಿ.ಎ. ಓದುವಾಗ ಹಾಸ್ಟೆಲಿನಲ್ಲಿ ನಾನು ಈ ನೇಮವನ್ನೆಲ್ಲ ಎಂದೋ ಬಿಟ್ಟಿದ್ದೆ. ಅದನ್ನು ಅವರಿಂದ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ. ದೊಡ್ಡಪ್ಪ ಎದ್ದು ಹೋಗಿ ಹಂಡೆಯಿಂದ ಒಂದು ಚೊಂಬು ನೀರು ತುಂಬಿ ತಂದು ನನ್ನ ಕೈಗಿಟ್ಟರು.

"ಅಷ್ಟೊತ್ತು ಮಾತಾಡಿದೀಯ, ಗಂಟ್ಲು ಒಣಗಿರ್ತದೆ. ನಿಂಗೆ ನೇಮ ಇಲ್ವಲ್ಲ, ಕುಡಿ ಮಗ."